ಸಿಮೆಂಟ್ ಲ್ಯಾಬಿಗೆ ಯಾವುದು ಸರಿ? ಗೋಡೆ ಹಾಳೆ, ಎಕ್ಸೆಲ್, ಇ-ಲ್ಯಾಬ್, ಓಡಿಕೆ (ODK) ಮತ್ತು ದುಡ್ಡು ಕೊಟ್ಟು ತಂದ ಇನ್ನೊಂದು

ಸಿಮೆಂಟಿಗೆ ನೀರು ಬಿದ್ದ ಕ್ಷಣದಿಂದ ಪೇಸ್ಟ್ ಕಲಸಿ ಮೋಲ್ಡಿಗೆ ತುಂಬಲು ಶುರು ಮಾಡುವವರೆಗೆ ಸಿಮೆಂಟ್ ಟೆಸ್ಟಿನ ಭಾರತೀಯ ಮಾನದಂಡ ಐಎಸ್ 4031 ಕೊಡುವುದು 3ರಿಂದ 5 ನಿಮಿಷ. ಅಷ್ಟೂ ಹೊತ್ತು ಟೆಕ್ನಿಷಿಯನ್ನಿನ ಎರಡೂ ಕೈ ಪೇಸ್ಟಿನಲ್ಲಿ. ಸರಿಯಾಗಿ ಆಗಲೇ ಎದುರಿಗಿಟ್ಟ ಟ್ಯಾಬ್ ಕೇಳುತ್ತದೆ: "ಹಂತ 4 ಮುಗಿಯಿತೇ? ಮುಂದೆ ಒತ್ತಿ." ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಮೊದಲ ದಿನ ಮೊಣಕೈಯಿಂದ ಒತ್ತಿದಳು. ಎರಡನೇ ದಿನ ಮೂಗಿನಿಂದ. ಮೂರನೇ ದಿನ ಕೆಲಸ ಶುರು ಮಾಡುವ ಮೊದಲೇ ಎಲ್ಲ ಹಂತಗಳನ್ನೂ ಪಟಪಟನೆ ಒತ್ತಿ ಮುಗಿಸಿ, ಆಮೇಲೆ ನೆಮ್ಮದಿಯಾಗಿ ಕಲಸಲು ಕೂತಳು. ದಾಖಲೆಯ ಪ್ರಕಾರ ಅವಳು ಎಂಟು ಹಂತಗಳ ಕೆಲಸವನ್ನು ಹನ್ನೊಂದು ಸೆಕೆಂಡಿನಲ್ಲಿ ಮುಗಿಸಿದ್ದಳು!

ನಮ್ಮದು ಕಲಬುರಗಿ ಕಡೆಯ ಸಣ್ಣ ಖಾಸಗಿ ಲ್ಯಾಬ್. ವಾಡಿ, ಶಹಾಬಾದ್, ಸೇಡಂ, ಮಳಖೇಡ ಎಲ್ಲ ಸುಣ್ಣದಕಲ್ಲಿನ ಸೀಮೆ, ಹಾಗಾಗಿ ಸಿಮೆಂಟ್ ಸ್ಯಾಂಪಲ್ಲಿಗೆ ಬರವಿಲ್ಲ. ಜೊತೆಗೆ ಕಾಂಕ್ರೀಟ್ ಕ್ಯೂಬು, ಜಲ್ಲಿ, ಕಬ್ಬಿಣ. ಮೇಜಿನ ಮೇಲೆ ಕೆಲಸ ಮಾಡುವವರು ನಾಲ್ಕು ಜನ. ಟೆಸ್ಟನ್ನು ಹಂತಹಂತವಾಗಿ ಹೇಳಿಕೊಡುವ, ಅಂಕಿ ಬರೆಸಿಕೊಳ್ಳುವ ವ್ಯವಸ್ಥೆ ಬೇಕೆಂದು ಸುಮಾರು ಒಂದೂವರೆ ವರ್ಷದಲ್ಲಿ ಐದು ದಾರಿ ನೋಡಿದೆ. ನಾನು ಸಾಫ್ಟ್‌ವೇರಿನವನಲ್ಲ, ಟ್ರೋವೆಲ್ ಹಿಡಿದು ಬಂದವನು. ತೂಗಿ ನೋಡಿದ್ದೂ ಆ ಕಡೆಯಿಂದಲೇ.

ಮೊದಲು ಗೋಡೆಯ ಹಾಳೆ. ಲ್ಯಾಮಿನೇಟ್ ಮಾಡಿಸಿ ಮೊಳೆ ಹೊಡೆದದ್ದು. ಚಾರ್ಜ್ ಬೇಡ, ಕರೆಂಟ್ ಹೋದರೂ ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಇದನ್ನು ಹಳೆಯದೆಂದು ಹೀಗಳೆಯುವವರು ಲ್ಯಾಬಿನಲ್ಲಿ ಕೆಲಸ ಮಾಡಿದವರಲ್ಲ. ಆದರೆ ಅದಕ್ಕೆ ವಯಸ್ಸಾಗುವುದು ಗೊತ್ತಾಗುವುದಿಲ್ಲ. ಕಾಂಕ್ರೀಟಿನ ಸ್ಟ್ರೆಂತ್ ಟೆಸ್ಟಿನ ಮಾನದಂಡ, 1959ರ ಐಎಸ್ 516 ಹೋಗಿ 2021ರಲ್ಲಿ ಭಾಗ 1, ಸೆಕ್ಷನ್ 1 ಎಂದು ಹೊಸದು ಬಂದ ಮೇಲೂ ನಮ್ಮ ಕಂಪ್ರೆಶನ್ ಮಷಿನ್ನಿನ ಹಿಂದೆ 1959 ಎಂದೇ ನೇತಾಡುತ್ತಿತ್ತು. ಲ್ಯಾಬ್ ಪರಿಶೀಲಿಸಲು ಬಂದ ಅಸೆಸರ್ ಕಣ್ಣು ನೇರ ಅಲ್ಲಿಗೇ ಹೋಯಿತು. ಅವರ ಕಣ್ಣು ಯಾವಾಗಲೂ ಹಾಗೆಯೇ.

ಎಕ್ಸೆಲ್ ಬಂದದ್ದು ಲೆಕ್ಕಕ್ಕಾಗಿ. ಸಿಮೆಂಟ್ ಟೆಸ್ಟಿನಲ್ಲಿ ಒಂದು ಅಂಕಿ ಇನ್ನೊಂದಕ್ಕೆ ತಾಯಿ. ಮೊದಲು ಕನ್ಸಿಸ್ಟೆನ್ಸಿ, ಪೇಸ್ಟಿನ ಹದ. ಅಂದರೆ ವೈಕಾಟ್ ಉಪಕರಣದ ಪ್ಲಂಜರ್ (ಪೇಸ್ಟಿಗೆ ಇಳಿಯುವ ಕಡ್ಡಿ) ತಳದಿಂದ 5ರಿಂದ 7 ಮಿ.ಮೀ. ಎತ್ತರದಲ್ಲಿ ನಿಲ್ಲುವಷ್ಟು ನೀರು, ಸಿಮೆಂಟಿನ ತೂಕದ ಶೇಕಡದಲ್ಲಿ. ಅದೇ 'ಪಿ'. ಸೆಟ್ಟಿಂಗ್ ಟೈಮಿಗೆ, ಅಂದರೆ ಪೇಸ್ಟ್ ಗಟ್ಟಿಯಾಗುವ ಹೊತ್ತು ನೋಡಲು, ಪಿಯ 0.85 ಪಟ್ಟು ನೀರು. ಕ್ಯೂಬ್ ಒಡೆದು ನೋಡುವ ಸ್ಟ್ರೆಂತಿಗೆ ಪಿಯನ್ನು 4ರಿಂದ ಭಾಗಿಸಿ, ಅದಕ್ಕೆ 3 ಕೂಡಿಸಿದರೆ ಬರುವ ಶೇಕಡ, ಅದೂ ಸಿಮೆಂಟ್ ಮತ್ತು ಮರಳು ಸೇರಿದ ತೂಕದ ಮೇಲೆ. ಒಂದು ಕ್ಯೂಬಿಗೆ 200 ಗ್ರಾಂ ಸಿಮೆಂಟು, ಟೆಸ್ಟಿಗೆಂದೇ ಬರುವ 600 ಗ್ರಾಂ ಎನ್ನೋರ್ ಮರಳು, ಕಾಳಿನ ಗಾತ್ರದ ಮೂರು ಗ್ರೇಡಿನಿಂದ ತಲಾ 200. ಪಿ 29.5 ಬಂದರೆ 10.375 ಶೇಕಡ, 800 ಗ್ರಾಮಿಗೆ ಸರಿಯಾಗಿ 83 ಗ್ರಾಂ ನೀರು.

ಒಂದು ಸಲ ನಮ್ಮವರೇ ಒಬ್ಬರು ಪಿ ಇರಬೇಕಾದ ಖಾನೆಯಲ್ಲಿ 0.85 ಪಿಯ ಅಂಕಿ ಬರೆದುಬಿಟ್ಟರು. 29.5ರ ಜಾಗದಲ್ಲಿ 25.075. ಶೀಟ್ ಮರುಮಾತಿಲ್ಲದೆ 74.2 ಗ್ರಾಂ ಎಂದಿತು. ಒಂಬತ್ತು ಗ್ರಾಂ ಕಡಿಮೆ. ನೋಡಿದರೆ ಅನುಮಾನ ಬರುವ ಅಂಕಿಯಲ್ಲ, ಅದೇ ಕಷ್ಟ. ಮಾರನೆಯ ದಿನ ಮೋಲ್ಡ್ ಬಿಚ್ಚಿದಾಗ ಕ್ಯೂಬಿನ ಬದಿಗಳಲ್ಲಿ ಜೇನುಗೂಡಿನಂತೆ ತೂತು. ಮೂರು ಸೆಟ್, ಒಂಬತ್ತು ಕ್ಯೂಬ್ ಕಸಕ್ಕೆ. ತಪ್ಪು ಎಕ್ಸೆಲ್‌ನದಲ್ಲ, ಖಾನೆಗೆ ಬೀಗ ಹಾಕದ ನನ್ನದು. ಆದರೂ ಅದರ ಸ್ವಭಾವ ಅವತ್ತು ಅರ್ಥವಾಯಿತು: ಎಕ್ಸೆಲ್ ಲೆಕ್ಕ ಬಲ್ಲದು, ಸರದಿ ಅರಿಯದು. ಯಾವ ಖಾನೆಯನ್ನು ಯಾವಾಗ ತುಂಬಿದರೂ ಅದಕ್ಕೆ ಒಂದೇ.

ಆಗ ದುಡ್ಡು ಕೊಟ್ಟು ತಂದೆವು. ಹೆಸರು ಬರೆಯುವುದಿಲ್ಲ. ಡೆಮೊ ನೋಡಿದಾಗ ನಾನೇ ಮರುಳಾದೆ: ಪ್ರತಿ ಹಂತಕ್ಕೂ ಚಿತ್ರ, ಟೈಮರ್, ಕೊನೆಗೆ ರಿಪೋರ್ಟ್ ತಾನೇ ತಯಾರು. ಮೇಲೆ ಹೇಳಿದ ಮೂಗಿನ ಕತೆ ಇದರದ್ದೇ. "ಕನ್ನಡದಲ್ಲೂ ಇದೆ ಸಾರ್" ಎಂದಿದ್ದರು, ಇತ್ತು ಕೂಡ. ಮೊದಲ ಸಾಲೇ "ಬೂಷ್ಟಿಗೆ ಎಣ್ಣೆ ಸವರಿ". ಮೋಲ್ಡ್ ಅನ್ನುವುದನ್ನು ಯಂತ್ರ ಹಳಸಿದ ಅನ್ನದ ಮೇಲಿನ ಬೂಷ್ಟು ಎಂದುಕೊಂಡಿತ್ತು. ಸಿಮೆಂಟ್ ಪೇಸ್ಟ್ "ಸಿಮೆಂಟ್ ಅಂಟಿಸಿ" ಆಗಿತ್ತು. ಒಂದು ವಾರ ಲ್ಯಾಬಿನಲ್ಲಿ ನಗುವೋ ನಗು. ಮೋಲ್ಡ್ ತೊಳೆಯಲು ಹೇಳಬೇಕಾದರೆ ಈಗಲೂ "ಬೂಷ್ಟು ತೊಳೆದಿಡ್ರಿ" ಅನ್ನುತ್ತೇವೆ.

ಭಾಷೆಯನ್ನು ತಿದ್ದಿಸಬಹುದಿತ್ತು, ತಿದ್ದಿಸಿದೆವು ಕೂಡ. ನಾನು ಅದನ್ನು ಬಿಟ್ಟದ್ದು ಬೇರೆ ಕಾರಣಕ್ಕೆ. 53 ಗ್ರೇಡ್ ಸಿಮೆಂಟಿನ ಕ್ಯೂಬ್ ಒಡೆದು ಅಂಕಿ ಹಾಕುವಾಗ ಅದು ಮಿತಿಯನ್ನು ಪಕ್ಕದಲ್ಲೇ ತೋರಿಸುತ್ತಿತ್ತು: 3 ದಿನಕ್ಕೆ 27, 7 ದಿನಕ್ಕೆ 37, 28 ದಿನಕ್ಕೆ 53, ಎಲ್ಲ ನ್ಯೂಟನ್ ಪ್ರತಿ ಚದರ ಮಿ.ಮೀ. ಲೆಕ್ಕ. ಕಡಿಮೆ ಬಂದರೆ ಖಾನೆ ಕೆಂಪು, ಹೆಚ್ಚು ಬಂದರೆ ಹಸಿರು. ನೋಡಲು ಚೆಂದ. ಆದರೆ ಮಷಿನ್ನಿನ ಎದುರು ನಿಂತ ಹುಡುಗನಿಗೆ ಕೆಂಪು ಕಂಡರೆ ಏನನ್ನಿಸುತ್ತದೆ? ತಾನು ಏನೋ ತಪ್ಪು ಮಾಡಿದೆ ಎಂದು. ಒಂದು ಮಧ್ಯಾಹ್ನ ಹಿಂದೆ ನಿಂತು ನೋಡಿದೆ. 52.6 ಹಾಕಿದ, ಕೆಂಪಾಯಿತು. ಅಳಿಸಿದ. ಮಷಿನ್ನಿನ ಪರದೆ ಮತ್ತೆ ನೋಡಿದ. ಮತ್ತೆ 52.6 ಹಾಕಿದ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಇನ್ನೊಂದು ಕ್ಯೂಬ್ ಒಡೀಲಾ?" ಅಂದ. ಹುಡುಗ ಪ್ರಾಮಾಣಿಕ, ಅದಕ್ಕೇ ಕೇಳಿದ. ಬಣ್ಣ ನೋಡಿ ಅಂಕಿ ಬರೆಯುವ ಕಡೆ ಎಲ್ಲರೂ ಕೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯುವುದು ಟೆಕ್ನಿಷಿಯನ್ ಕೆಲಸ, ಪಾಸೋ ಫೇಲೋ ಎನ್ನುವುದು ರಿಪೋರ್ಟಿನ ಕೆಲಸ. ಎರಡನ್ನೂ ಒಂದೇ ಪರದೆಗೆ ತಂದವರು ಲ್ಯಾಬ್ ಬಲ್ಲವರಲ್ಲ ಎಂದೇ ನನ್ನ ತೀರ್ಮಾನ. ಆ ಬಣ್ಣ ತೆಗೆಯಿರಿ ಎಂದು ಕೇಳಿದ್ದಕ್ಕೆ, "ಎಲ್ಲ ಗ್ರಾಹಕರೂ ಅದನ್ನೇ ಇಷ್ಟಪಡುತ್ತಾರೆ" ಎಂಬ ಉತ್ತರ ಬಂತು. ಇಷ್ಟಪಡುತ್ತಾರೆ, ಬಿಡಿ.

ಅದರಲ್ಲಿ ಒಳ್ಳೆಯದು ಒಂದಿತ್ತು, ಹೇಳದಿದ್ದರೆ ಅನ್ಯಾಯ. ಲೋಡಿಂಗ್ ರೇಟ್, ಅಂದರೆ ಒಡೆಯುವಾಗ ಕ್ಯೂಬಿನ ಮೇಲೆ ಭಾರ ಏರಿಸುವ ವೇಗ. ಕಾಂಕ್ರೀಟಿನ 150 ಮಿ.ಮೀ. ಕ್ಯೂಬಿಗೆ ನಿಮಿಷಕ್ಕೆ 14 ನ್ಯೂಟನ್ ಪ್ರತಿ ಚದರ ಮಿ.ಮೀ., ಅಂದರೆ ಸೆಕೆಂಡಿಗೆ 5.25 ಕಿಲೋನ್ಯೂಟನ್. ಸಿಮೆಂಟಿನ 70.6 ಮಿ.ಮೀ. ಕ್ಯೂಬಿಗೆ ನಿಮಿಷಕ್ಕೆ 35, ಆದರೆ ಕ್ಯೂಬ್ ಚಿಕ್ಕದಾದ್ದರಿಂದ ಸೆಕೆಂಡಿಗೆ 2.9 ಕಿಲೋನ್ಯೂಟನ್ ಮಾತ್ರ. ಬೆಳಗ್ಗೆ ಕಾಂಕ್ರೀಟ್ ಒಡೆದು ಮಧ್ಯಾಹ್ನ ಸಿಮೆಂಟಿಗೆ ಬಂದವರು ಮಷಿನ್ನಿನಲ್ಲಿ 5.25 ಹಾಗೇ ಬಿಟ್ಟರೆ, ವೇಗ ಹೆಚ್ಚಾಗಿ ಸ್ಟ್ರೆಂತ್ ಸುಳ್ಳೇ ಏರುತ್ತದೆ. ಈ ಸಾಫ್ಟ್‌ವೇರ್ ಪ್ರತಿ ಸಲವೂ ದೊಡ್ಡ ಅಕ್ಷರದಲ್ಲಿ ರೇಟ್ ತೋರಿಸಿ, ಹಾಕಿದ್ದೇನೆಂದು ಬರೆಸಿಕೊಂಡೇ ಮುಂದೆ ಬಿಡುತ್ತಿತ್ತು. ತಡೆಯಬೇಕಾದದ್ದು ಇಂಥ ಕಡೆ. ಇದನ್ನು ಮಾತ್ರ ಕದ್ದುಕೊಂಡೆ.

ಇ-ಲ್ಯಾಬ್ ಎಫ್‌ಟಿಡಬ್ಲ್ಯೂ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯಲ್ಲಿ ಹುಟ್ಟಿದ ಉಚಿತ ಎಲೆಕ್ಟ್ರಾನಿಕ್ ಲ್ಯಾಬ್ ನೋಟ್‌ಬುಕ್. ಮೂಲ ಕೋಡ್ ತೆರೆದಿದೆ, ನಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಬಹುದು. ಕೂರಿಸಲು ಡಾಕರ್ ಎಂಬ ಸಾಫ್ಟ್‌ವೇರ್ ಗೊತ್ತಿರುವ ಒಬ್ಬರು ಬೇಕು, ನನಗೆ ಅಳಿಯ ಸಿಕ್ಕ. ಟೆಂಪ್ಲೇಟ್ ಮಾಡಿ ಅದರಲ್ಲಿ ಹಂತಗಳನ್ನು ಬರೆದಿಟ್ಟರೆ ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋಗಬಹುದು, ಟಿಕ್ ಬಿದ್ದ ಹೊತ್ತು ತಾನೇ ದಾಖಲಾಗುತ್ತದೆ. ಹಂತಕ್ಕೆ ಗಡುವನ್ನೂ ಇಡಬಹುದು. ಇದು ನಮಗೆ ಬಹಳ ಒದಗಿತು, ಯಾಕೆಂದರೆ ಸಿಮೆಂಟ್ ಕ್ಯೂಬಿನ ವಯಸ್ಸು ದಿನದಲ್ಲಲ್ಲ, ಗಂಟೆಯಲ್ಲಿ: 72 ಗಂಟೆ, ಒಂದು ಗಂಟೆ ಆಚೀಚೆ. 168ಕ್ಕೆ ಎರಡು ಗಂಟೆ, 672ಕ್ಕೆ ನಾಲ್ಕು ಗಂಟೆ. ಗುರುವಾರ ಹನ್ನೊಂದಕ್ಕೆ ಕ್ಯೂಬ್ ಹಾಕಿದರೆ ಭಾನುವಾರ ಹನ್ನೊಂದಕ್ಕೆ ಒಡೆಯಬೇಕು. (ನಮ್ಮಲ್ಲಿ ಗುರುವಾರ ಸಿಮೆಂಟ್ ಕ್ಯೂಬ್ ಹಾಕುವುದಿಲ್ಲ. ಹೊಸಬರು ಏನೋ ಶಾಸ್ತ್ರ ಅಂದುಕೊಳ್ಳುತ್ತಾರೆ.)

ತಿದ್ದುಪಡಿಯ ಜಾಡೂ ಇದರಲ್ಲಿ ಉಳಿಯುತ್ತದೆ. ಟೆಸ್ಟಿಂಗ್ ಲ್ಯಾಬುಗಳ ಮಾನದಂಡ ಐಎಸ್‌ಒ 17025ರ 2017ರ ಆವೃತ್ತಿ ಕೇಳುವುದು ಅದನ್ನೇ: ಹಳೆಯ ಅಂಕಿಯೂ ಇರಬೇಕು, ಹೊಸದೂ ಇರಬೇಕು, ಯಾರು ಯಾವತ್ತು ಬದಲಿಸಿದರು ಎಂಬುದೂ ಇರಬೇಕು. ಕಾಗದದಲ್ಲಿ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಿದ್ದೆವಲ್ಲ, ಅದೇ ಮಾತು. ಆದರೆ ಇ-ಲ್ಯಾಬ್ ಹುಟ್ಟಿದ್ದು ದಿನಕ್ಕೊಂದು ಹೊಸ ಪ್ರಯೋಗ ಮಾಡುವ ಸಂಶೋಧಕರಿಗೆ. ಅವರು ಬರೆಯುತ್ತಾರೆ, ಚಿತ್ರ ಅಂಟಿಸುತ್ತಾರೆ, ಯೋಚಿಸುತ್ತಾರೆ. ನಮ್ಮದು ಒಂದೇ ಟೆಸ್ಟನ್ನು ವರ್ಷವಿಡೀ ಒಂದೇ ರೀತಿ ಮಾಡುವ ಕೆಲಸ. ಸೆಟ್ಟಿಂಗ್ ಟೈಮಿನ ಸೂಜಿ ಓದಿನಂಥದ್ದಕ್ಕೆ ನಮಗೆ ಬೇಕಾದದ್ದು ಖಾನೆ, ಪುಟವಲ್ಲ. ಸೆನೈಟ್ ಎಂಬ ಉಚಿತ ಲಿಮ್ಸನ್ನೂ (ಲ್ಯಾಬಿನ ಸ್ಯಾಂಪಲ್ ಲೆಕ್ಕ ಇಡುವ ಸಾಫ್ಟ್‌ವೇರ್) ಎರಡು ವಾರ ಹಾಕಿ ನೋಡಿದೆ. ಸ್ಯಾಂಪಲ್ ಬಂದದ್ದು, ಹೋದದ್ದು, ಡೂಪ್ಲಿಕೇಟ್, ರೆಫರೆನ್ಸ್ ಎಲ್ಲದಕ್ಕೂ ಅದು ಗಟ್ಟಿ. ಆದರೆ ಕೈ ಹಿಡಿದು ಟೆಸ್ಟ್ ಮಾಡಿಸುವುದು ಅದರ ಕಸುಬಲ್ಲ.

ಕೊನೆಗೆ ಓಡಿಕೆ. ಇದನ್ನು ಲ್ಯಾಬಿಗೆ ತಂದೆ ಎಂದರೆ ಬಲ್ಲವರು ನಗಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಶುರುವಾದ ಇದು ಹಳ್ಳಿ ಹಳ್ಳಿ ತಿರುಗಿ ಸರ್ವೆ ಮಾಡುವವರ ಸಾಧನ. ಆದರೆ ಯೋಚಿಸಿ: ನೆಟ್ ಇಲ್ಲದ ಕಡೆ, ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ, ಒಂದರ ಹಿಂದೊಂದು ಪ್ರಶ್ನೆ ಕೇಳಿ, ಹಿಂದಿನ ಉತ್ತರ ನೋಡಿ ಮುಂದಿನದನ್ನು ತೀರ್ಮಾನಿಸುವುದು. ಟೆಸ್ಟ್ ಪ್ರೊಸೀಜರ್ ಅಂದರೆ ಮತ್ತೇನು? ಫಾರ್ಮ್ ಬರೆಯುವುದು ಎಕ್ಸೆಲ್ ಶೀಟಿನಲ್ಲೇ, ಹಾಗಾಗಿ ಅಳಿಯನ ಹಂಗೂ ತಪ್ಪಿತು. ಕನ್ನಡಕ್ಕೆ ಒಂದು ಕಾಲಂ ಸೇರಿಸಿದರೆ ಸಾಕು, ಬರೆಯುವವರು ನಾವೇ. "ಪ್ರಾರಂಭಿಕ ಗಟ್ಟಿಗೊಳ್ಳುವಿಕೆ ಕಾಲ" ಎಂದೆಲ್ಲ ಬರೆಯಲಿಲ್ಲ. "ಇನಿಶಿಯಲ್ ಸೆಟ್ಟಿಂಗ್: ಸೂಜಿ ತಳದಿಂದ ಎಷ್ಟು ಮಿ.ಮೀ.ಗೆ ನಿಂತಿತು?" ಅಷ್ಟೇ.

ಸರದಿ ಇಲ್ಲಿ ಬಿಗಿ. ಪಿ ಬರೆಯದೆ ನೀರಿನ ಲೆಕ್ಕದ ಪುಟ ತೆರೆಯುವುದಿಲ್ಲ, ಲೆಕ್ಕದ ಅಂಕಿಯನ್ನು ಕೈಯಿಂದ ತಿದ್ದಲು ಬರುವುದಿಲ್ಲ. 0.85 ಪಿ ಹುಟ್ಟುವುದೇ ಪಿ ಬರೆದ ಮೇಲೆ, ಹಾಗಾಗಿ ಒಂಬತ್ತು ಕ್ಯೂಬಿನ ತಪ್ಪು ಇಲ್ಲಿ ಸುಲಭಕ್ಕೆ ಆಗುವುದಿಲ್ಲ. ಮಿತಿಗಳನ್ನು ಮಾತ್ರ ಬೇರೆ ರೀತಿ ಇಟ್ಟೆ. ಪಿ 20ಕ್ಕಿಂತ ಕಡಿಮೆ ಅಥವಾ 45ಕ್ಕಿಂತ ಹೆಚ್ಚು ಹಾಕಿದರೆ ಫಾರ್ಮ್ ನಿಲ್ಲುತ್ತದೆ, ಏಕೆಂದರೆ ಅದು ಟೈಪಿಂಗ್ ತಪ್ಪೇ. ಆದರೆ ಇನಿಶಿಯಲ್ ಸೆಟ್ಟಿಂಗ್ ಕನಿಷ್ಠ 30 ನಿಮಿಷ, ಫೈನಲ್ ಗರಿಷ್ಠ 600 ಎಂಬುದು ಫಾರ್ಮಿನಲ್ಲಿ ಎಲ್ಲೂ ಇಲ್ಲ. 53 ಕೂಡ ಇಲ್ಲ. ಅವು ನನ್ನ ಕಂಪ್ಯೂಟರಿನ ರಿಪೋರ್ಟಿನಲ್ಲಿ ಮಾತ್ರ ಬರುತ್ತವೆ.

ಪೇಸ್ಟ್ ಕಲಸುವ ಹಂತಗಳನ್ನೆಲ್ಲ ಒಂದೇ ಪರದೆಗೆ ಹಾಕಿದೆ. ನೀರು ಹಾಕುವ ಮೊದಲು ಒಂದು ಒತ್ತು, ಕೈ ತೊಳೆದ ಮೇಲೆ ಒಂದು ಒತ್ತು. ಒತ್ತಿದ ಹೊತ್ತನ್ನು ಫಾರ್ಮ್ ತಾನೇ ಬರೆದುಕೊಳ್ಳುತ್ತದೆ. ನಡುವೆ ಯಾರೂ ಏನನ್ನೂ ಕೇಳುವುದಿಲ್ಲ. ಹಿನ್ನೆಲೆಯಲ್ಲಿ ಆಡಿಟ್ ಲಾಗ್ ಓಡುತ್ತಿರುತ್ತದೆ: ಯಾವ ಪ್ರಶ್ನೆ ಎಷ್ಟು ಹೊತ್ತಿಗೆ ತೆರೆಯಿತು, ಯಾವ ಉತ್ತರ ಬದಲಾಯಿತು. ಹನ್ನೊಂದು ಸೆಕೆಂಡಿನ ಟೆಸ್ಟ್ ಇಲ್ಲೂ ಮಾಡಬಹುದು, ಆದರೆ ನನಗೆ ಕಾಣುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಕೋಣೆಯ ಉಷ್ಣತೆ. 27, ಎರಡು ಡಿಗ್ರಿ ಆಚೀಚೆ. ಮೇ ತಿಂಗಳಲ್ಲಿ ಹೊರಗೆ 42 ಇರುವ ಊರಿನಲ್ಲಿ ಈ ಒಂದು ಸಾಲಿಗಾಗಿ ಎಷ್ಟು ಕರೆಂಟ್ ಬಿಲ್ ಕಟ್ಟಿದ್ದೇವೆ ಎಂಬುದು ಬೇರೆ ಕತೆ.

ಸರ್ವೆಯ ಸಾಧನವಾದ್ದರಿಂದ ಗಡಿಯಾರದ ಕೆಲಸ ಅದರಿಂದ ನಿರೀಕ್ಷಿಸಲಿಲ್ಲ. ಸೂಜಿ ಬಿಡುವ ಹೊತ್ತಾಯಿತು ಎಂದು ಕೂಗಲು ಅಡುಗೆಮನೆಯ ಟೈಮರ್ ತಂದು ವೈಕಾಟ್ ಪಕ್ಕದಲ್ಲಿಟ್ಟೆ. ಕ್ಯೂಬಿನ ಗಡುವು ಇ-ಲ್ಯಾಬಿನಲ್ಲೇ ಉಳಿಯಿತು. ಹೀಗೆ ಈಗ ಎರಡು ಓಡುತ್ತಿವೆ: ಮೇಜಿನ ಮೇಲೆ ಓಡಿಕೆ, ನನ್ನ ಕೋಣೆಯಲ್ಲಿ ಇ-ಲ್ಯಾಬ್. ನಿಮ್ಮಲ್ಲಿ ಇಬ್ಬರೇ ಇದ್ದು ತಿಂಗಳಿಗೆ ಹತ್ತು ಸ್ಯಾಂಪಲ್ ಬರುವುದಾದರೆ ಬೀಗ ಹಾಕಿದ ಎಕ್ಸೆಲ್, ಹೊಸ ದಿನಾಂಕದ ಗೋಡೆ ಹಾಳೆ ಸಾಕು, ನನ್ನಂತೆ ಅಲೆಯಬೇಡಿ. ಐವತ್ತು ಜನರ ಲ್ಯಾಬಾದರೆ ದುಡ್ಡು ಕೊಟ್ಟೇ ತನ್ನಿ. ಆದರೆ ಡೆಮೊ ಕೊಡಲು ಬಂದವರಿಗೆ ಗ್ಲೌಸ್ ಹಾಕಿಸಿ, ಪೇಸ್ಟ್ ಕಲಸುತ್ತಾ ತೋರಿಸಿ ಎನ್ನಿ.

ಒಂದು ಟೆಸ್ಟ್ ಮಾತ್ರ ಯಾವ ಪರದೆಗೂ ಪೂರ್ತಿ ಬಗ್ಗಲಿಲ್ಲ. ಫೈನಲ್ ಸೆಟ್ಟಿಂಗ್. ಸೂಜಿಯ ಗುರುತು ಬೀಳಬೇಕು, ಅದರ ಸುತ್ತಲಿನ ಬಳೆಯ ಗುರುತು ಬೀಳಬಾರದು. ಫೋಟೊ ಹಾಕಿ ಎಂದು ಫಾರ್ಮಿನಲ್ಲಿ ಕೇಳಿದೆ, ಬಂದ ಫೋಟೊಗಳೆಲ್ಲ ಬೂದು ಬಣ್ಣದ ಬಿಲ್ಲೆ. ನಮ್ಮ ಹಿರಿಯ ಟೆಕ್ನಿಷಿಯನ್ ನೋಡಿ ನಕ್ಕರು. ಮೋಲ್ಡನ್ನು ಕಿಟಕಿಯ ಹತ್ತಿರ ಒಯ್ದು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. "ಮ್ಯಾಲಿಂದ ನೋಡಿದ್ರ ಏನೂ ಕಾಣಂಗಿಲ್ಲ. ಬೆಳಕು ಅಡ್ಡ ಬೀಳಬೇಕು, ಆಗ ಬಳಿ ತಾನ ಕಾಣ್ತದ." ಆ ಪ್ರಶ್ನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಈಗ ಅದೇ ಮಾತಿದೆ, ಅವರು ಅಂದ ಹಾಗೆಯೇ.