ಅರ್ಧ ರೊಟ್ಟಿ ಕೇಳಿದರೂ ಕೊಡುವ ಕೊಪ್ಪಳದ ಖಾನಾವಳಿ

ಈ ಖಾನಾವಳಿಗೆ ಹೆಸರಿಲ್ಲ. ಬಾಗಿಲ ಮೇಲೆ ‘ಬಿಸಿ ರೊಟ್ಟಿ ಊಟ ಸಿಗುತ್ತದೆ’ ಅಂತ ಬರೆದಿದ್ದಾರೆ, ಅಷ್ಟೇ. ಗವಿಮಠದ ಕಡೆ ಹೋಗುವಾಗ ಒಂದು ಕಿರಾಣಿ ಅಂಗಡಿ ಪಕ್ಕದ ಸಂದಿಯಲ್ಲಿದೆ. ಆರೇ ಮೇಜು. ಅಜ್ಜಿ ಮತ್ತು ಅವರ ಸೊಸೆ ರೊಟ್ಟಿ ಬಡಿಯುತ್ತಾರೆ. ಬಡಿಸುವುದು ಮಾತ್ರ ಅಜ್ಜಿಯೇ. ಊಟಕ್ಕೆ 80 ರೂಪಾಯಿ. ಮಕ್ಕಳಾದರೆ ಪೂರ್ತಿ ಊಟದ ದುಡ್ಡು ಕೇಳುವುದಿಲ್ಲ. ಒಂದು ರೊಟ್ಟಿಗೆ 12, ಅರ್ಧ ತಿಂದರೆ 6. ಪಲ್ಯ ಎಷ್ಟು ಸಲ ಹಾಕಿಸಿಕೊಂಡರೂ ಲೆಕ್ಕವಿಲ್ಲ.

ಎರಡು ತಿಂಗಳಲ್ಲಿ ಏಳು ಸಲ ಹೋಗಿದ್ದೇವೆ. ರುಚಿ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಯಾಕೆ ಹೋದೆವು ಅಂತ ಹೇಳಬೇಕು.

ನನ್ನ ಮಗಳು ಆರನೇ ಕ್ಲಾಸು. ಈ ವರ್ಷ ಯೂನಿಫಾರ್ಮ್ ತರಲು ಹೋದಾಗ ಅಂಗಡಿಯವರೊಬ್ಬರು ಟೇಪ್ ಹಿಡಿದು, ‘ಈಗ್ಲೇ ಇಷ್ಟು ಸೊಂಟ ಐತಲ್ರಿ’ ಅಂದರು. ಅಂಗಡಿ ತುಂಬ ಜನ ಇದ್ದರು. ನಾನು ಏನೂ ಹೇಳಲಿಲ್ಲ. ಅಷ್ಟೇ ಅಲ್ಲ, ಅವತ್ತು ರಾತ್ರಿ ‘ಒಂದು ರೊಟ್ಟಿ ಕಮ್ಮಿ ತಿನ್ನು’ ಅಂತ ನಾನೇ ಅಂದೆ. ಅದು ನನ್ನ ತಪ್ಪು. ಮರುದಿನದಿಂದ ಅವಳು ರೊಟ್ಟಿ ಮುಟ್ಟಲಿಲ್ಲ. ಟಿಫಿನ್ ಬಾಕ್ಸ್ ಕಟ್ಟಿದ್ದು ಕಟ್ಟಿದ ಹಾಗೇ ವಾಪಸ್ ಬರುತ್ತಿತ್ತು. ಫೋಟೋ ತೆಗೆಯಲು ಹೋದರೆ ತಮ್ಮನ ಹಿಂದೆ ನಿಲ್ಲುತ್ತಿದ್ದಳು. ಅವನೋ ಎರಡನೇ ಕ್ಲಾಸು, ಅವಳ ಭುಜಕ್ಕೂ ಬರುವುದಿಲ್ಲ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ವಾರಕ್ಕೊಮ್ಮೆ ಊಟ ಆದ ಮೇಲೆ ದೊಡ್ಡ ಕ್ಲಾಸಿನ ಮಕ್ಕಳಿಗೆ ನೀಲಿ ಕಬ್ಬಿಣದ ಮಾತ್ರೆ ನುಂಗಿಸುವವಳು. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಿಗೆ ಮೊಟ್ಟೆ ಬಂದಾಗ ಮಕ್ಕಳು ಎಷ್ಟು ಖುಷಿಯಿಂದ ತಿಂದರು ಅಂತ ಕಣ್ಣಾರೆ ನೋಡಿದವಳು. ಮುಟ್ಟು ಶುರುವಾಗುವ ಮುಂಚೆ ಹುಡುಗಿಯರ ಮೈ ತುಂಬಿಕೊಳ್ಳುತ್ತದೆ, ಸೊಂಟ ಅಗಲವಾಗುತ್ತದೆ, ಅದು ಬೆಳವಣಿಗೆ ಅಂತ ನನಗೆ ಗೊತ್ತು. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕವನ್ನು ಹಾಗೇ ಮಕ್ಕಳಿಗೆ ಹಾಕಬಾರದು, ಅವರ ವಯಸ್ಸಿನ ಚಾರ್ಟ್ ನೋಡಬೇಕು ಅಂತಲೂ ಗೊತ್ತು. ಆದರೂ ಆ ಮಾತು ನನ್ನ ಬಾಯಿಂದಲೇ ಬಂತು. ಡಾಕ್ಟರಿಗೆ ತೋರಿಸಿದೆ. ಚಾರ್ಟ್ ನೋಡಿ, ಬೆಳವಣಿಗೆ ಸರಿಯಾಗಿದೆ ಅಂದರು.

ಸರಿ ಮಾಡೋಣ ಅಂತ ಮಗಳಿಗೆ ಪಾಠ ಹೇಳಲು ಕೂತೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ಅಷ್ಟೇ ನಾರು ಇದೆ ಅಂದೆ. ಅವಳು ಪೂರ್ತಿ ಕೇಳಿ, ‘ಒಂದು ರೊಟ್ಟಿಗೆ ಎಷ್ಟು ಕ್ಯಾಲೊರಿ?’ ಅಂದಳು. ನನಗೆ ಗಂಟಲು ಕಟ್ಟಿತು. ಗವಿಮಠದ ಜಾತ್ರೆಗೆ ಊರೂರುಗಳಿಂದ ಟ್ರ್ಯಾಕ್ಟರ್ ಮೇಲೆ ರೊಟ್ಟಿ ಬರುವ ಊರು ನಮ್ಮದು. ಆ ರಾಶಿ ನೋಡಿಯೇ ಬೆಳೆದ ಮಗು ರೊಟ್ಟಿಗೆ ಹೆದರುತ್ತಿದೆ ಅಲ್ವಾ ಅಂತ ಸಂಕಟವಾಯಿತು.

ಈ ಖಾನಾವಳಿಗೆ ಮೊದಲ ಸಲ ಹೋಗಿದ್ದು ಸುಮ್ನೆ, ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಅಜ್ಜಿ ಬುಟ್ಟಿ ಹಿಡಿದು ಮಗಳ ಹತ್ತಿರ ಬಂದು, ‘ಎಷ್ಟು ಹಾಕ್ಲೆವ್ವಾ? ಅರ್ಧಾನೋ, ಒಂದೋ?’ ಅಂದರು. ‘ಅರ್ಧ ಸಾಕ್ರಿ’ ಅಂತ ನಾನು ಬಾಯಿ ಹಾಕಿದೆ. ‘ನಿಮ್ಮನ್ನ ಕೇಳಿಲ್ರೀ, ಆಕಿನ್ನ ಕೇಳೀನಿ’ ಅಂದರು ಅಜ್ಜಿ. ಮಗಳು ಅರ್ಧವೇ ಹಾಕಿಸಿಕೊಂಡಳು. ಅಜ್ಜಿ ‘ಇಷ್ಟ ಏನು?’ ಅನ್ನಲಿಲ್ಲ. ‘ಹಸಿವಾದ್ರ ಮತ್ತ ಕೇಳು’ ಅಂತ ಹೇಳಿ ಮುಂದಿನ ಮೇಜಿಗೆ ಹೋದರು.

ಎಲಿನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಇದನ್ನೇ ಹೇಳುತ್ತಾರೆ. ಏನು, ಯಾವಾಗ, ಎಲ್ಲಿ ಬಡಿಸಬೇಕು ಅನ್ನುವುದು ದೊಡ್ಡವರ ಕೆಲಸ. ತಿನ್ನುವುದೋ ಬೇಡವೋ, ತಿಂದರೆ ಎಷ್ಟು ಅನ್ನುವುದು ಮಗುವಿಗೆ ಬಿಟ್ಟಿದ್ದು. ನಾನು ಓದಿ ಮರೆತಿದ್ದನ್ನು ಅಜ್ಜಿ ದಿನಾ ಮಾಡುತ್ತಿದ್ದಾರೆ.

ಇನ್ನೊಂದು ನನಗೆ ತುಂಬಾ ಹಿಡಿಸಿತು. ಶೇಂಗಾ ಹೋಳಿಗೆ ಮಾಡಿದ ದಿನ ಅದನ್ನು ಮೊದಲೇ ತಟ್ಟೆಗೆ ಹಾಕುತ್ತಾರೆ. ಪಲ್ಯ ಮುಗಿಸಿದರೆ ಸಿಹಿ ಅನ್ನುವ ಲಂಚ ಇಲ್ಲ. ನನ್ನ ಮಗ ಹೋಳಿಗೆ ಒಂದು ತುಂಡು, ಪುಂಡಿಪಲ್ಯ ಒಂದು ತುತ್ತು ಅಂತ ತಾನೇ ತಿಂದ. ಮನೆಯಲ್ಲಿ ಸೊಪ್ಪು ಅಂದರೆ ಬಾಯಿ ಮುಚ್ಚುವ ಹುಡುಗ! ಮನೆಯಲ್ಲಿ ನಾನು ಸೊಪ್ಪನ್ನು ಶಿಕ್ಷೆ ಮಾಡಿಬಿಟ್ಟಿದ್ದೆ, ಹೋಳಿಗೆಯನ್ನು ಬಹುಮಾನ ಮಾಡಿದ್ದೆ.

ಮೂರನೇ ಸಲ ಹೋದಾಗ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದಳು. ಅಜ್ಜಿ ಒಳಗೆ ಕರೆದರು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಅಂಟು ಬರುವುದಿಲ್ಲ, ಅದಕ್ಕೇ ಎಸರು ಕುದಿಸಿ ಹಾಕಿ ನಾದಬೇಕು, ಹಿಟ್ಟು ಹಳೆಯದಾದರೆ ಜಿಗಿ ಇರುವುದಿಲ್ಲ ಅಂತ ತೋರಿಸಿದರು. ಮಗಳು ಅಂಗೈಯಗಲದ ರೊಟ್ಟಿ ಬಡಿದಳು. ಅಂಚು ಹರಿಯಿತು. ಆಮೇಲೆ ಅಜ್ಜಿಯ ಕೈ ನೋಡಿ, ‘ಅಜ್ಜಿ, ನಿಮ್ಮ ತೋಳು ಎಷ್ಟು ದಪ್ಪ!’ ಅಂದುಬಿಟ್ಟಳು. ನನಗೆ ಎದೆ ಧಸಕ್ ಅಂತು. ಅಜ್ಜಿ ತೋಳು ಮಡಚಿ, ‘ಮುಟ್ಟಿ ನೋಡವ್ವ, ದಿನಾ ಇನ್ನೂರು ರೊಟ್ಟಿ ಬಡಿಯೋ ತೋಳಿದು’ ಅಂದರು. ಮಗಳು ಮುಟ್ಟಿ ನೋಡಿದಳು. ಮನೆಗೆ ಬರುವಾಗ ಸ್ಕೂಟಿ ಮೇಲೆ ಹಿಂದಿನಿಂದ, ‘ಅಮ್ಮಾ, ನಾನು ತುಂಬಿದ ಕೊಡ ಒಂದೇ ಕೈಲಿ ಎತ್ತುತ್ತೀನಿ ಅಲ್ವಾ?’ ಅಂತ ಕೇಳಿದಳು. ಹೌದು, ಎತ್ತುತ್ತಾಳೆ.

ಈಗ ರುಚಿ. ರೊಟ್ಟಿ ಮೆತ್ತಗೆ, ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ. ಹೆಸರುಕಾಳು ಪಲ್ಯ ಮಕ್ಕಳಿಗೆ ಸರಿಹೋಗುತ್ತದೆ. ಎಣ್ಣೆಗಾಯಿ ಮಾತ್ರ ಖಾರ ಜಾಸ್ತಿ, ಚಿಕ್ಕವರಿಗೆ ಆಗದು. ಮೊಸರು, ಗುರೆಳ್ಳು ಹಿಂಡಿ ಕೇಳಿ ಹಾಕಿಸಿಕೊಳ್ಳಿ. ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತೆಕಾಯಿ ಪ್ರತಿ ಮೇಜಿಗೂ ಇಡುತ್ತಾರೆ. ಅನ್ನ ಸಾರು ಸಾಧಾರಣ.

ಕೊರತೆಗಳೂ ಇವೆ. ಕೈ ತೊಳೆಯುವ ಬೇಸಿನ್ ಎತ್ತರದಲ್ಲಿದೆ, ಮಗನನ್ನು ಎತ್ತಿ ಹಿಡಿಯಬೇಕು. ಕುಡಿಯುವ ನೀರು ಮನೆಯಿಂದಲೇ ಒಯ್ಯುತ್ತೇನೆ. ಒಂದು ಸಲ ಪಕ್ಕದ ಮೇಜಿನವರು ನನ್ನ ಮಗನಿಗೆ, ‘ಏನಪಾ, ಕಡ್ಡಿ ಆಗಿಯಲ್ಲ, ಮನ್ಯಾಗ ಊಟಾ ಹಾಕಲ್ಲೇನು?’ ಅಂದರು. ಸಣಕಲು ಅನ್ನುವ ಮಾತೂ ದಪ್ಪ ಅನ್ನುವ ಮಾತಿನಷ್ಟೇ ಮಗುವಿಗೆ ನೋವು ಮಾಡುತ್ತದೆ. ಈ ಸಲ ನಾನು ಸುಮ್ಮನಿರಲಿಲ್ಲ. ‘ಮಕ್ಕಳ ಮೈ ಬಗ್ಗೆ ಮಾತು ಬ್ಯಾಡ್ರಿ’ ಅಂದೆ. ಮಗಳು ನನ್ನ ಮುಖ ನೋಡಿದಳು.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಕಾಲಿಡಲು ಜಾಗ ಇರುವುದಿಲ್ಲ, ಅಜ್ಜಿಗೆ ಕೇಳಿ ಬಡಿಸಲು ಪುರುಸೊತ್ತೂ ಇರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಶನಿವಾರ ಶಾಲೆ ಬಿಟ್ಟ ಮೇಲೆ ಹನ್ನೆರಡಕ್ಕೆ ಹೋಗಿ. ಅಡುಗೆಮನೆ ಬಾಗಿಲ ಪಕ್ಕದ ಮೇಜು ಹಿಡಿಯಿರಿ, ಅಲ್ಲಿಂದ ರೊಟ್ಟಿ ಬಡಿಯುವುದು ಚೆನ್ನಾಗಿ ಕಾಣುತ್ತದೆ. ಹೋದ ಶನಿವಾರ ನಮ್ಮ ಬಿಲ್ಲಿನಲ್ಲಿ ಮಗಳ ಲೆಕ್ಕ ಎರಡೂವರೆ ರೊಟ್ಟಿ, 30 ರೂಪಾಯಿ.