ಒಂದೇ ಪ್ಲಗಿನ್, ಮೂರು ತಂತ್ರಾಂಶ: ಗಿಂಪ್, ಕ್ರಿಟಾ ಮತ್ತು ಪೇಂಟ್ ಡಾಟ್ ನೆಟ್

ಉಚಿತವಾಗಿ ಸಿಗುವ ಫೋಟೋ ಸಂಪಾದನಾ ತಂತ್ರಾಂಶಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಬಹುತೇಕರು ಕೇಳುವುದು ಯಾವುದರಲ್ಲಿ ಎಫೆಕ್ಟ್‌ಗಳು ಹೆಚ್ಚಿವೆ ಎಂದು. ಈ ಪ್ರಶ್ನೆಯಿಂದ ಈಗ ಹೆಚ್ಚಿನ ಪ್ರಯೋಜನವಿಲ್ಲ. ಫ್ರಾನ್ಸಿನ ಸಂಶೋಧನಾ ಪ್ರಯೋಗಾಲಯವೊಂದರಲ್ಲಿ 2008ರಿಂದ ಬೆಳೆಯುತ್ತ ಬಂದಿರುವ ಜಿ'ಮಿಕ್ ಎಂಬ ಪ್ಲಗಿನ್ (ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ಪುಟ್ಟ ಸಾಧನ), 500ಕ್ಕೂ ಹೆಚ್ಚು ಫಿಲ್ಟರ್‌ಗಳೊಂದಿಗೆ ಗಿಂಪ್, ಕ್ರಿಟಾ ಮತ್ತು ಪೇಂಟ್ ಡಾಟ್ ನೆಟ್ ಮೂರಕ್ಕೂ ದೊರೆಯುತ್ತದೆ. ತೆರೆದುಕೊಳ್ಳುವ ಕಿಟಕಿಯೂ ಮೂರರಲ್ಲಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಫೆಕ್ಟ್ ಹಾಕಿದ ಮೇಲೆ ಅದನ್ನು ತಿದ್ದಲು, ತಗ್ಗಿಸಲು, ತೆಗೆದುಹಾಕಲು ಯಾವ ತಂತ್ರಾಂಶ ಎಷ್ಟು ಅವಕಾಶ ಕೊಡುತ್ತದೆ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ನಾನು ಮೂರನ್ನೂ ಬಳಸಿ ನೋಡಿದೆ. ಕೆಲಸಗಳೂ ಮೂರು: ಮಡಿಕೆ ಬಿದ್ದ ಹಳೆಯ ಕಪ್ಪು-ಬಿಳುಪು ಫೋಟೋವನ್ನು ಸರಿಪಡಿಸುವುದು, ಮದುವೆ ಮಂಟಪದ ಮಂದ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಚಿತ್ರಗಳ ಕಾಳು (ಮಂದ ಬೆಳಕಿನ ಚಿತ್ರಗಳಲ್ಲಿ ಮೂಡುವ ಒರಟು ಚುಕ್ಕೆಗಳು) ತೆಗೆಯುವುದು, ಕಾರ್ಯಕ್ರಮದ ಪೋಸ್ಟರ್‌ನಲ್ಲಿ ಕನ್ನಡ ಅಕ್ಷರಗಳಿಗೆ ನೆರಳು ಮತ್ತು ಅಂಚು ಕೊಡುವುದು.

ಮಡಿಕೆಯ ಕೆಲಸದಲ್ಲಿ ಗಿಂಪ್‌ನ ಮುಂದೆ ಉಳಿದೆರಡು ನಿಲ್ಲಲಿಲ್ಲ. ಅದಕ್ಕೆ ಕಾರಣ ಗಿಂಪ್‌ಗಿಂತ ಹೆಚ್ಚಾಗಿ ರೀಸಿಂತಸೈಜರ್ ಎಂಬ ಪ್ಲಗಿನ್. ಆಸ್ಟ್ರೇಲಿಯಾದ ಪಾಲ್ ಹ್ಯಾರಿಸನ್ ತಮ್ಮ ಪಿಎಚ್‌ಡಿ ಸಂಶೋಧನೆಯ ಭಾಗವಾಗಿ ರೂಪಿಸಿದ ಈ ಸಾಧನ, ಫೋಟೋಶಾಪ್ 2010ರಲ್ಲಿ ಅದೇ ಬಗೆಯ ಸೌಲಭ್ಯವನ್ನು ಸೇರಿಸುವುದಕ್ಕೆ ಎಷ್ಟೋ ಮೊದಲೇ ಬಳಕೆಯಲ್ಲಿತ್ತು. ಮಡಿಕೆಯ ಗೆರೆಯನ್ನು ಲ್ಯಾಸೋದಿಂದ (ಸುತ್ತುಗೆರೆ ಎಳೆದು ಜಾಗವನ್ನು ಆಯ್ದುಕೊಳ್ಳುವ ಸಾಧನ) ಬಿಗಿಯಾಗಿ ಆಯ್ದುಕೊಂಡು 'ಹೀಲ್ ಸೆಲೆಕ್ಷನ್' ಆದೇಶ ಕೊಟ್ಟರೆ ಸುತ್ತಲಿನ ಭಾಗದಿಂದ ಚೂರುಗಳನ್ನು ಎತ್ತಿ ಅದು ಗೆರೆಯನ್ನು ತುಂಬುತ್ತದೆ. ಇಲ್ಲಿ ಹೆಚ್ಚಿನವರು ಗಮನಿಸದೆ ಬಿಡುವ ಆಯ್ಕೆಯೊಂದಿದೆ: ಮಾದರಿಯನ್ನು ಎಲ್ಲ ಕಡೆಯಿಂದಲೂ ತೆಗೆದುಕೊಳ್ಳಬೇಕೋ, ಪಕ್ಕಗಳಿಂದ ಮಾತ್ರವೋ, ಮೇಲೆ-ಕೆಳಗಿನಿಂದ ಮಾತ್ರವೋ ಎಂಬುದು. ನಾನು ಸರಿಪಡಿಸಿದ ಚಿತ್ರದಲ್ಲಿ ಮಡಿಕೆಯು ಅಡ್ಡಲಾಗಿ ಹಿನ್ನೆಲೆಯ ಪರದೆ, ಕೆನ್ನೆ, ಕಿವಿಯೋಲೆಗಳನ್ನು ದಾಟಿ ಹೋಗಿತ್ತು. ಇಡೀ ಗೆರೆಯನ್ನು ಒಮ್ಮೆಲೇ ಆಯ್ದು ಎಲ್ಲ ಕಡೆಯಿಂದಲೂ ಮಾದರಿ ಕೊಟ್ಟಾಗ ಪರದೆಯ ನೆರಿಗೆಯ ತುಣುಕೊಂದು ಕೆನ್ನೆಯ ಮೇಲೆ ಬಂದು ಕುಳಿತಿತು. ಗೆರೆಯನ್ನು ಪರದೆ, ಮುಖ, ಓಲೆ ಎಂದು ತುಂಡು ಮಾಡಿ, ಮೇಲೆ-ಕೆಳಗಿನ ಮಾದರಿಯನ್ನಷ್ಟೇ ಕೊಟ್ಟಾಗ ಕೆನ್ನೆಗೆ ಕೆನ್ನೆಯ ಬಣ್ಣವೇ ಸಿಕ್ಕಿತು.

ಜಿ'ಮಿಕ್‌ನಲ್ಲಿಯೂ ಇದೇ ಕೆಲಸಕ್ಕೆ 'ಇನ್‌ಪೇಂಟ್' ಎಂಬ ಹೆಸರಿನ ಫಿಲ್ಟರ್‌ಗಳಿವೆ, ಮತ್ತು ಅವುಗಳನ್ನು ಮೂರೂ ತಂತ್ರಾಂಶಗಳಲ್ಲಿ ಬಳಸಬಹುದು. ಆದರೆ ವಿಧಾನ ಬೇರೆ. ಸರಿಪಡಿಸಬೇಕಾದ ಜಾಗಕ್ಕೆ ಅಚ್ಚ ಕೆಂಪು ಬಣ್ಣ ಬಳಿಯಬೇಕು. ಆ ಕೆಂಪನ್ನೇ ಗುರುತಾಗಿಟ್ಟುಕೊಂಡು ಫಿಲ್ಟರ್ ಕೆಲಸ ಮಾಡುತ್ತದೆ. ಕಪ್ಪು-ಬಿಳುಪು ಚಿತ್ರವನ್ನು ಸ್ಕ್ಯಾನರ್ ಗ್ರೇಸ್ಕೇಲ್ ಆಗಿ ಉಳಿಸಿದ್ದರೆ ಅದರ ಮೇಲೆ ಕೆಂಪು ಬಳಿದರೂ ಅದು ಬೂದು ಬಣ್ಣವಾಗಿಯೇ ಬೀಳುತ್ತದೆ, ಆದ್ದರಿಂದ ಮೊದಲು ಚಿತ್ರವನ್ನು ಬಣ್ಣದ ಆರ್‌ಜಿಬಿ ವಿಧಾನಕ್ಕೆ ಬದಲಾಯಿಸಿಕೊಳ್ಳಬೇಕು. ಮೆತ್ತನೆಯ ಬ್ರಷ್‌ನಿಂದ ಬಳಿದರೆ ಅಂಚಿನಲ್ಲಿ ಉಳಿಯುವ ನಸುಗೆಂಪು ಗುರುತಿನ ಲೆಕ್ಕಕ್ಕೆ ಬರದೆ, ಮಡಿಕೆ ಹೋದರೂ ಅದರ ಎರಡೂ ಬದಿಗೆ ಗುಲಾಬಿ ಗೀರು ನಿಲ್ಲುತ್ತದೆ. ಹಾಗಾಗಿ ಪೆನ್ಸಿಲ್ ಸಾಧನವೇ ಸರಿ. ಫಲಿತಾಂಶ ಚೆನ್ನಾಗಿಯೇ ಇತ್ತು, ಆದರೆ ಮಾದರಿಯ ದಿಕ್ಕನ್ನು ನಾವೇ ಹೇಳುವ ರೀಸಿಂತಸೈಜರ್‌ನ ಅನುಕೂಲ ಇಲ್ಲಿ ಸಿಗಲಿಲ್ಲ. ಕ್ರಿಟಾದ ಸ್ವಂತ 'ಸ್ಮಾರ್ಟ್ ಪ್ಯಾಚ್' ಸಾಧನವು ಬೂಷ್ಟಿನ ಚುಕ್ಕೆಗಳಿಗೆ ಒಪ್ಪುತ್ತದೆ, ಉದ್ದನೆಯ ಮಡಿಕೆಗೆ ನಿಧಾನ.

ಕಾಳು ತೆಗೆಯುವ ಕೆಲಸದಲ್ಲಿ ಇಷ್ಟು ಅಂತರ ಕಾಣಲಿಲ್ಲ. ಇಲ್ಲಿ ಪರೀಕ್ಷೆಗೆ ಯೋಗ್ಯವಾದ ಜಾಗವೆಂದರೆ ಮುಡಿದ ಮಲ್ಲಿಗೆ ಮತ್ತು ಸೀರೆಯ ಜರಿ ಅಂಚು: ಮುಖ ನುಣುಪಾದರೆ ಯಾರೂ ದೂರುವುದಿಲ್ಲ, ಮಲ್ಲಿಗೆ ಹಿಟ್ಟಿನ ಮುದ್ದೆಯಂತಾದರೆ ಎಲ್ಲರಿಗೂ ಕಾಣುತ್ತದೆ. ಪೇಂಟ್ ಡಾಟ್ ನೆಟ್‌ನ ಸ್ವಂತ 'ರೆಡ್ಯೂಸ್ ನಾಯ್ಸ್' ವೇಗವಾಗಿದ್ದರೂ ಮೊದಲು ಅಳಿಸುವುದು ಹೂವಿನ ಎಸಳುಗಳನ್ನೇ. ಜಿ'ಮಿಕ್‌ನ 'ಸ್ಮೂತ್' ಗುಂಪಿನ ಫಿಲ್ಟರ್‌ಗಳಲ್ಲಿ ಚಿತ್ರದ ಯಾವ ಚಾನೆಲ್ (ಹೊಳಪು, ಬಣ್ಣ ಮುಂತಾದ ಬಿಡಿ ಭಾಗ) ಮೇಲೆ ಕೆಲಸ ಮಾಡಬೇಕೆಂದು ಆರಿಸಬಹುದು. ಹೊಳಪನ್ನು ಮುಟ್ಟದೆ ಬಣ್ಣದ ಚಾನೆಲ್‌ಗಳನ್ನಷ್ಟೇ ನಯಗೊಳಿಸಿದರೆ ಕಪ್ಪು ಕೂದಲಿನ ನಡುವೆ ಕಾಣುವ ಕೆಂಪು-ಹಸಿರು ಕಲೆಗಳು ಮಾಯವಾಗುತ್ತವೆ, ಎಸಳುಗಳು ಹಾಗೆಯೇ ಉಳಿಯುತ್ತವೆ. ಈ ಒಂದು ಆಯ್ಕೆಗಾಗಿಯೇ ಜಿ'ಮಿಕ್ ಹಾಕಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಅದರ ನೂರಾರು ಹಳೆಯ ಫಿಲ್ಮ್ ರೋಲ್ ಬಣ್ಣಗಳು ಮೊದಲ ದಿನದ ಮೋಜಿಗೆ ಸರಿ.

ಒಂದು ಎಚ್ಚರಿಕೆ ಮೂರಕ್ಕೂ ಅನ್ವಯಿಸುತ್ತದೆ. ಜಿ'ಮಿಕ್ ಹಾಕಿದ ಫಿಲ್ಟರ್, ಆ ಲೇಯರ್‌ನಲ್ಲಿ (ಒಂದರ ಮೇಲೊಂದು ಇಟ್ಟ ಚಿತ್ರದ ಪದರಗಳಲ್ಲಿ ಒಂದು) ಶಾಶ್ವತವಾಗಿ ಬೆರೆತುಹೋಗುತ್ತದೆ. ಗಿಂಪ್‌ನಲ್ಲಿ ಜಿ'ಮಿಕ್ ಕಿಟಕಿಯಲ್ಲಿಯೇ ಫಲಿತಾಂಶವನ್ನು ಹೊಸ ಲೇಯರ್ ಆಗಿ ಕೊಡು ಎಂದು ಹೇಳಬಹುದು, ಆಮೇಲೆ ಆ ಲೇಯರ್‌ನ ಒಪಾಸಿಟಿ, ಅಂದರೆ ದಟ್ಟತೆ, ಇಳಿಸಿ ಎಫೆಕ್ಟ್ ಅನ್ನು ಅರ್ಧಕ್ಕೆ ತರಬಹುದು. ಪೇಂಟ್ ಡಾಟ್ ನೆಟ್‌ನಲ್ಲಿ ಯಾವುದೇ ಎಫೆಕ್ಟ್ ಆಯ್ದಿರುವ ಲೇಯರ್‌ನ ಮೇಲೆಯೇ ಬರೆಯುವುದರಿಂದ, ನಕಲು ಲೇಯರ್ ಮಾಡಿಕೊಳ್ಳುವುದನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು. ಹಿಸ್ಟರಿ ಕಿಟಕಿಯಲ್ಲಿ ಹಿಂದಕ್ಕೆ ಹೋಗಬಹುದು, ನಿಜ. ಆದರೆ ಕಡತ ಮುಚ್ಚಿದೊಡನೆ ಆ ಹಿಸ್ಟರಿಯೂ ಹೋಗುತ್ತದೆ.

ಅಳವಡಿಸುವ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಕ್ರಿಟಾದ ವಿಂಡೋಸ್ ಆವೃತ್ತಿಯೊಂದಿಗೆ ಜಿ'ಮಿಕ್ ಕೂಡಿಯೇ ಬರುತ್ತದೆ, ಬೇರೇನೂ ಮಾಡಬೇಕಿಲ್ಲ. ಪೇಂಟ್ ಡಾಟ್ ನೆಟ್‌ಗೆ ಪ್ಲಗಿನ್‌ನ ಡಿಎಲ್‌ಎಲ್ ಕಡತವನ್ನೂ ಅದರ ಜೊತೆ ಬರುವ ಫೋಲ್ಡರ್ ಅನ್ನೂ 'ಎಫೆಕ್ಟ್ಸ್' ಫೋಲ್ಡರ್‌ಗೆ ಹಾಕಿ ತಂತ್ರಾಂಶವನ್ನು ಮತ್ತೆ ತೆರೆದರೆ ಸಾಕು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಹಣ ಕೊಟ್ಟು ಪಡೆದ ಪ್ರತಿಯಾದರೆ ಆ 'ಎಫೆಕ್ಟ್ಸ್' ಫೋಲ್ಡರ್ ಇರಬೇಕಾದದ್ದು ಡಾಕ್ಯುಮೆಂಟ್ಸ್ ಒಳಗೆ. ಗಿಂಪ್‌ನಲ್ಲಿ ತೊಡಕು ಹೆಚ್ಚು: 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ 2.10ರ ಪ್ಲಗಿನ್‌ಗಳು ನಡೆಯುವುದಿಲ್ಲ, ಮತ್ತು ಪ್ರತಿ ಪ್ಲಗಿನ್ ತನ್ನದೇ ಹೆಸರಿನ ಫೋಲ್ಡರ್‌ನೊಳಗೆ ಇಲ್ಲದಿದ್ದರೆ ಮೆನುವಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಹಳೆಯ ಲೇಖನಗಳನ್ನು ನೋಡಿ ಅಳವಡಿಸಲು ಹೊರಟವರು ಪ್ಲಗಿನ್ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲಿಯೇ.

ಪೋಸ್ಟರ್‌ನ ಕನ್ನಡ ಅಕ್ಷರಗಳ ವಿಷಯದಲ್ಲಿ ಮಾತ್ರ ಮೂರರ ಸ್ವಭಾವವೂ ಬಯಲಾಗುತ್ತದೆ, ಏಕೆಂದರೆ ಪೋಸ್ಟರ್ ಎಂದ ಮೇಲೆ ಕೊನೆಯ ಗಳಿಗೆಯಲ್ಲಿ ಅತಿಥಿಗಳ ಹೆಸರು ಬದಲಾಗುವುದು, ಯಾರೋ ಒಬ್ಬರು 'ಅಧ್ಯಕ್ಷ'ದಲ್ಲಿ ಮಹಾಪ್ರಾಣ ಬಿಟ್ಟುಹೋಗಿದೆ ಎಂದು ಫೋನ್ ಮಾಡುವುದು ಇದ್ದದ್ದೇ. ಪೇಂಟ್ ಡಾಟ್ ನೆಟ್‌ನಲ್ಲಿ ಅಕ್ಷರ ಬರೆದು ಬೇರೆಡೆ ಕ್ಲಿಕ್ ಮಾಡಿದೊಡನೆ ಅದು ಚಿತ್ರವಾಗಿಬಿಡುತ್ತದೆ. ಧ ತಿದ್ದಲು ಅಳಿಸಿ ಮತ್ತೆ ಬರೆದು, ನೆರಳಿನ ಪ್ಲಗಿನ್ ಅನ್ನು ಅವೇ ಅಂಕಿಗಳೊಂದಿಗೆ ಮತ್ತೆ ಹಾಕಬೇಕು. ಗಿಂಪ್ 2.10ರಲ್ಲಿಯೂ ಟೆಕ್ಸ್ಟ್ ಲೇಯರ್‌ಗೆ ಫಿಲ್ಟರ್ ಹಾಕಿದ ಮೇಲೆ ಅಕ್ಷರ ತಿದ್ದಿದರೆ ಫಿಲ್ಟರ್ ಹೋಗುತ್ತಿತ್ತು. 3.0ರಲ್ಲಿ ಡ್ರಾಪ್ ಶ್ಯಾಡೋದಂತಹ ಗಿಂಪ್‌ನ ಸ್ವಂತ ಫಿಲ್ಟರ್‌ಗಳು ಲೇಯರ್‌ಗೆ ಅಂಟಿಕೊಂಡು ಪ್ರತ್ಯೇಕವಾಗಿ ಉಳಿಯುತ್ತವೆ: ಲೇಯರ್ ಹೆಸರಿನ ಪಕ್ಕದ ಎಫ್‌ಎಕ್ಸ್ ಗುರುತನ್ನು ಒತ್ತಿ ನೆರಳನ್ನು ತಿದ್ದಬಹುದು, ಮರೆಮಾಡಬಹುದು, ಅಕ್ಷರ ತಿದ್ದಿದರೆ ನೆರಳೂ ಅದರೊಡನೆ ಬದಲಾಗುತ್ತದೆ. ಅಕ್ಷರದ ಅಂಚಿನ ಗೆರೆಗೆ ಪ್ಲಗಿನ್ ಬೇಕಿಲ್ಲ, ಟೆಕ್ಸ್ಟ್ ಸಾಧನದಲ್ಲಿಯೇ ಅದಕ್ಕೆ ಆಯ್ಕೆಯಿದೆ. ಗೆರೆ ದಪ್ಪವಾದರೆ ಒತ್ತಕ್ಷರವೂ ಮೇಲಿನ ಅಕ್ಷರವೂ ಕೂಡಿಕೊಂಡು ಓದಲು ತೊಡಕಾಗುವುದರಿಂದ, ಕನ್ನಡಕ್ಕೆ ತೆಳು ಗೆರೆ ಮತ್ತು ಮಸುಕಾದ ನೆರಳೇ ಒಳ್ಳೆಯದು.

ಕ್ರಿಟಾದಲ್ಲಿ ಈ ಸ್ವಾತಂತ್ರ್ಯ ಗಿಂಪ್ 3.0 ಬರುವ ಮೊದಲೇ ಇತ್ತು. ಅಲ್ಲಿ ಅಕ್ಷರಗಳು ವೆಕ್ಟರ್ ಲೇಯರ್‌ನಲ್ಲಿ (ಆಕಾರಗಳನ್ನು ಯಾವಾಗ ಬೇಕಾದರೂ ತಿದ್ದಬಹುದಾದ ಪದರ) ಇರುತ್ತವೆ, ನೆರಳು ಮತ್ತು ಅಂಚು ಲೇಯರ್ ಸ್ಟೈಲ್‌ಗಳಾಗಿ ಬರುತ್ತವೆ, ಮಸುಕು ಮತ್ತು ಬಣ್ಣದ ತಿದ್ದುಪಡಿಗಳನ್ನು ಫಿಲ್ಟರ್ ಮಾಸ್ಕ್‌ಗಳಾಗಿ ಹಾಕಬಹುದು. ಆ ಮಾಸ್ಕ್‌ನ ಮೇಲೆ ಕಪ್ಪು ಬಳಿದರೆ ಎಫೆಕ್ಟ್ ಅಷ್ಟು ಜಾಗದಲ್ಲಿ ಮಾತ್ರ ಮರೆಯಾಗುತ್ತದೆ. ಚಿತ್ರ ಬಿಡಿಸುವವರಿಗೆಂದು ಕಟ್ಟಿದ ತಂತ್ರಾಂಶವಾದ್ದರಿಂದ ಹೆಚ್ಚು ಅಕ್ಷರಗಳನ್ನು ಸಾಲಾಗಿ ಜೋಡಿಸುವುದು ಗಿಂಪ್‌ನಷ್ಟು ಸಲೀಸಲ್ಲ. ಹೀಗಾಗಿ ಶೀರ್ಷಿಕೆಯೊಂದೇ ದೊಡ್ಡದಾಗಿರುವ ಪೋಸ್ಟರ್‌ಗೆ ನಾನು ಕ್ರಿಟಾವನ್ನು, ಹೆಸರುಗಳ ಪಟ್ಟಿಯೇ ಅರ್ಧ ಪುಟ ತುಂಬುವ ಪೋಸ್ಟರ್‌ಗೆ ಗಿಂಪ್ 3.0 ಅನ್ನು ತೆರೆಯುತ್ತೇನೆ. ಪೇಂಟ್ ಡಾಟ್ ನೆಟ್ ಅನ್ನು ಕಂಪ್ಯೂಟರಿನಿಂದ ತೆಗೆದುಹಾಕಿಲ್ಲ: ಫೋಟೋ ಕತ್ತರಿಸಿ, ಬೆಳಕು ಏರಿಸಿ, ಕೂಡಲೇ ಕಳಿಸಿಬಿಡಬೇಕಾದ ಕೆಲಸಕ್ಕೆ ಅದರಷ್ಟು ಬೇಗ ತೆರೆದುಕೊಳ್ಳುವುದು ಉಳಿದೆರಡರಿಂದಲೂ ಆಗುವುದಿಲ್ಲ.