ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್: ನನ್ನ ಜೇಬಿಗೆ ದುಡ್ಡು ತಂದದ್ದು ಯಾವುದು?

ನಾನು ಶಿವಮೊಗ್ಗದಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿಕಾಂ. ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ, ಭಾನುವಾರ ಬೆಳಿಗ್ಗೆ. ಕೋಡಿಂಗಿಗೆ ಸಿಕ್ಕಿದ್ದು ಇಷ್ಟೇ ಹೊತ್ತು. 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಒಂದೂವರೆ ವರ್ಷದಲ್ಲಿ ಈ ಮೂರು ಪ್ರೋಗ್ರಾಮಿಂಗ್ ಭಾಷೆಗಳನ್ನು ಹಿಡಿದು ನೋಡಿದೆ. ಅದಕ್ಕೂ ಮೊದಲು ಭಾವನ ಮಾತು ಕೇಳಿ ಸಿ ಭಾಷೆ ಶುರು ಮಾಡಿದ್ದೆ. ಎರಡು ವಾರ, ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್ ಜೊತೆ ಗುದ್ದಾಡಿ ಪುಸ್ತಕ ವಾಪಸ್ ಕೊಟ್ಟೆ. ನನಗೆ ಬೇಕಿದ್ದದ್ದು ಮಗಳ ಫೀಸಿಗೆ ಒಂದಿಷ್ಟು ಆಸರೆ, ಪಾಂಡಿತ್ಯ ಅಲ್ಲ.

ಕಲಿಯೋಕೆ ಪೈಥಾನ್‌ನಷ್ಟು ಸಲೀಸು ಯಾವುದೂ ಇರಲಿಲ್ಲ. ಸಾಲಿನ ಶುರುವಿನಲ್ಲಿ ಬಿಡುವ ಜಾಗ ಸರಿ ಇದ್ದರೆ ಅರ್ಧ ಗೆದ್ದ ಹಾಗೆ. ಆ ಜಾಗಕ್ಕೇ ನನ್ನ ಮೊದಲ ವಾರ ಹೋಯಿತು ಅನ್ನಿ. ಟ್ಯಾಬೂ ಸ್ಪೇಸೂ ಬೆರೆತಿದ್ದವು, ಕಣ್ಣಿಗೆ ಎರಡೂ ಒಂದೇ.

ಮೊದಲ ಕೆಲಸ ಪರಿಚಯದ ಸಂಘವೊಂದರಿಂದ ಬಂತು. ಹಳೇ ನುಡಿ ಫಾಂಟಿನಲ್ಲಿದ್ದ 62 ಫೈಲುಗಳನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಬೇಕು. ಉಚಿತ ಪರಿವರ್ತಕಗಳು ಇದ್ದೇ ಇವೆ, ಆದರೆ ಒಂದೊಂದೇ ಫೈಲ್ ಅಂಟಿಸುತ್ತ ಕೂರುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಹಳೇ ನುಡಿಯಲ್ಲಿ ಒಳಗೆ ಕೂತಿರುವುದು ಕನ್ನಡ ಅಕ್ಷರಗಳಲ್ಲ, ರೋಮನ್ ಲಿಪಿಯ ಚಿಹ್ನೆಗಳು. ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಚಿಹ್ನೆಗೊಂದು ಅಕ್ಷರ ಬದಲಿಸಿದರೆ ಮುಗೀತು ಅಂದುಕೊಂಡೆ. ಕೋಡ್ ಓಡಿಸಿದರೆ ಮೊದಲ ಪುಟದಲ್ಲೇ ‘ಕನಾರ್ಟಕ’! ಅರ್ಕಾವತ್ತಿನ ಕಿತಾಪತಿ. ನುಡಿ ಅದನ್ನು ಕಣ್ಣಿಗೆ ಕಾಣುವ ಹಾಗೆ ‘ನಾ’ ಆದ ಮೇಲೆ ಇಟ್ಟಿರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ ‘ರ್’ ಮೊದಲು ಬರಬೇಕು. ಹಿಂದಿನ ಅಕ್ಷರವನ್ನು ಗುಣಿತ, ಒತ್ತಿನ ಸಮೇತ ಹುಡುಕಿ, ಅದಕ್ಕಿಂತ ಮೊದಲು ‘ರ್’ ತಂದು ಕೂರಿಸೋಕೆ ನಾಲ್ಕು ರಾತ್ರಿ ಹಿಡಿಯಿತು. ಸಿಕ್ಕಿದ್ದು 3,500 ರೂಪಾಯಿ. ಇಷ್ಟು ಖುಷಿ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಆದರೆ ಪೈಥಾನ್ ಕೆಲಸವನ್ನು ಗಿರಾಕಿಯ ಕೈಗೆ ಕೊಡೋದು ಹೇಗೆ? ಅವರ ಕಂಪ್ಯೂಟರಿನಲ್ಲಿ ಪೈಥಾನ್ ಇರಲ್ಲ. ಪೈಇನ್‌ಸ್ಟಾಲರ್ ಬಳಸಿ, ಪೈಥಾನ್ ಇಲ್ಲದೆಯೂ ಓಡುವ ಎಕ್ಸ್‌ಇ ಫೈಲ್ ಮಾಡಿಕೊಟ್ಟರೆ ಅವರ ಆ್ಯಂಟಿವೈರಸ್ ಅದನ್ನು ಕಳ್ಳ ಅಂತ ಹಿಡಿದು ಅಳಿಸಿಹಾಕಿತು. ಕೊನೆಗೆ ಪೆನ್‌ಡ್ರೈವ್ ಇಸ್ಕೊಂಡು ಬಂದು ಮನೆಯಲ್ಲೇ ಓಡಿಸಿದೆ. ಕೆಲಸ ಮುಗೀತು, ಗಿರಾಕಿಯೂ ಮುಗಿದ.

ಪಿಎಚ್‌ಪಿ ಹಳೇದು, 1995ರದ್ದು. ಈಗ ಯಾರು ಕೇಳ್ತಾರೆ ಅನ್ನುವವರು ಜಾಸ್ತಿ. ಆದರೆ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಇಂದಿಗೂ ಅದರ ಮೇಲೇ ನಿಂತಿದೆ, ಹಾಗಾಗಿ ಕೆಲಸಕ್ಕೆ ಬರವಿಲ್ಲ. ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇ ಒಂದಕ್ಕೆ ವೆಬ್‌ಸೈಟ್ ಮಾಡಿಕೊಟ್ಟು 8,000 ಪಡೆದೆ. ಒಂದೇ ಸಲಕ್ಕೆ ಬಂದ ದೊಡ್ಡ ಮೊತ್ತ ಅದೇ. ಆಮೇಲೆ ಒಂದು ಶುಕ್ರವಾರ ಸಂಜೆ, ದರ ಬದಲಿಸುವಾಗ ಥೀಮಿನ (ಸೈಟಿನ ವಿನ್ಯಾಸದ) ಫೈಲಿನಲ್ಲಿ ಒಂದು ಸೆಮಿಕೋಲನ್ ಹಾಕೋದು ಮರೆತೆ. ಇಡೀ ಸೈಟ್ ಮಲಗಿತು. ವಾರಾಂತ್ಯದ ಬುಕಿಂಗ್ ಹೊತ್ತು ಅದು! ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ) ನವೀಕರಣ, ಪ್ಲಗಿನ್ ಅಪ್‌ಡೇಟ್, ರಾತ್ರಿ ಹತ್ತಕ್ಕೆ ಫೋನ್... ಬೆಳಿಗ್ಗೆ ಆಫೀಸಿಗೆ ಹೋಗುವವನಿಗೆ ಇದು ಆಗಿಬರಲ್ಲ.

ಜಾವಾಸ್ಕ್ರಿಪ್ಟ್ ಶುರು ಮಾಡೋಕೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬ್ರೌಸರ್ ತೆರೆದು ಎಫ್12 ಒತ್ತಿದರೆ ಸಾಕು, ಕೋಡ್ ಬರೆಯುವ ಕಿಟಕಿ ಬರುತ್ತದೆ. ಭಾಷೆ ಮಾತ್ರ ಸ್ವಲ್ಪ ತರ್ಲೆ. ಉದ್ಧರಣೆ ಚಿಹ್ನೆಯೊಳಗಿನ "5"ಕ್ಕೆ 3 ಕೂಡಿಸಿದರೆ 53, ಕಳೆದರೆ 2. ವೆಬ್ ಪುಟ ಕಟ್ಟೋಕೆ ಬಳಸುವ ರಿಯಾಕ್ಟ್ ಕಡೆ ಹೋಗಿ ಒಂದು ತಿಂಗಳು ಸುಮ್ನೆ ಕಳೆದೆ. ದಾರಿ ಸಿಕ್ಕಿದ್ದು ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ. ಗೂಗಲ್ ಶೀಟ್ ಒಳಗೇ ಬರೆಯುವ ಜಾವಾಸ್ಕ್ರಿಪ್ಟ್ ಅದು. ಹೋಸ್ಟಿಂಗ್ ಖರ್ಚಿಲ್ಲ, ಗಿರಾಕಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಅಡಿಕೆ ಮಂಡಿಯೊಂದರ ಗುಮಾಸ್ತರು ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ತೂಕ, ದರ ಎಲ್ಲವನ್ನೂ ಮೊದಲೇ ಶೀಟಿನಲ್ಲಿ ತುಂಬುತ್ತಿದ್ದರು. ನಾನು ಒಂದು ಬಟನ್ ಸೇರಿಸಿದೆ. ಒತ್ತಿದರೆ ರೈತರ ಹೆಸರಿಗೆ ಚೀಟಿ ಪಿಡಿಎಫ್ ಆಗಿ ಬರುತ್ತದೆ. ಕೋಡ್ ಎಪ್ಪತ್ತು ಸಾಲೂ ಇಲ್ಲ. 2,000 ಕೊಟ್ಟರು. ಅವರೇ ಪಕ್ಕದ ಮಂಡಿಗೂ ಹೇಳಿದರು.

ಎಡವಿಲ್ಲ ಅಂತಲ್ಲ. ಟ್ಯೂಷನ್ ಕೇಂದ್ರವೊಂದಕ್ಕೆ ಫೀಸ್ ನೆನಪಿಸುವ ಮೇಲ್ ವ್ಯವಸ್ಥೆ ಮಾಡಿದೆ. ಮಕ್ಕಳು 140. ಉಚಿತ ಜಿಮೇಲ್ ಖಾತೆಯಿಂದ ಸ್ಕ್ರಿಪ್ಟ್ ದಿನಕ್ಕೆ 100 ಜನರಿಗಷ್ಟೇ ಮೇಲ್ ಕಳಿಸುತ್ತದೆ ಅಂತ ಗೊತ್ತಾಗಿದ್ದು ಉಳಿದ ನಲವತ್ತು ಮಂದಿಗೆ ಹೋಗದಿದ್ದಾಗ. ಹೋದ ಮೇಲ್‌ಗಳಲ್ಲೂ ಎಡವಟ್ಟು. ಜಾವಾಸ್ಕ್ರಿಪ್ಟ್‌ಗೆ ಜನವರಿ ಅಂದರೆ ಸೊನ್ನೆ, ಜೂನ್ ಅಂದರೆ 5. ನಾನು ಒಂದು ಕೂಡಿಸೋದು ಮರೆತಿದ್ದೆ. ‘5ನೇ ತಿಂಗಳ ಫೀಸ್ ಬಾಕಿ’ ಅಂತ ಹೋಯಿತು. ಮೇ ಫೀಸ್ ಕಟ್ಟಿದವರೆಲ್ಲ ರಸೀದಿ ಹಿಡಿದು ಬಂದರಂತೆ.

ಇಷ್ಟಾದರೂ ಸಂಜೆ ಹೊತ್ತಷ್ಟೇ ಬಿಡುವಿರುವವರಿಗೆ ನಾನು ಹೇಳೋದು ಆ್ಯಪ್ಸ್ ಸ್ಕ್ರಿಪ್ಟ್ ದಾರಿಯ ಜಾವಾಸ್ಕ್ರಿಪ್ಟನ್ನೇ. ಮೊತ್ತ ಸಣ್ಣದು, 1,500ರಿಂದ 2,500. ಆದರೆ ಆರು ಗಿರಾಕಿಗಳಾಗಿದ್ದಾರೆ, ಅದರಲ್ಲಿ ನಾಲ್ವರು ಮತ್ತೆ ಕರೆದರು. ಡೇಟಾ ಕೆಲಸಕ್ಕೆ ಹೋಗುವ ಆಸೆ ಇದ್ದರೆ ಪೈಥಾನ್ ಹಿಡಿಯಿರಿ, ಮೊದಲ ದುಡ್ಡು ತಡವಾದರೂ ಪರವಾಗಿಲ್ಲ ಅನ್ನುವ ಹಾಗಿದ್ದರೆ. ಪಿಎಚ್‌ಪಿ, ಹಗಲಲ್ಲೂ ಫೋನ್ ಎತ್ತಬಲ್ಲವರಿಗೆ. ನನ್ನ ಹೋಮ್‌ಸ್ಟೇ ಗಿರಾಕಿಯನ್ನು ಅಂಥ ಹುಡುಗನೊಬ್ಬನಿಗೆ ದಾಟಿಸಿದೆ. ಮಂಡಿಯವರು ನಿನ್ನೆ ಫೋನ್ ಮಾಡಿದ್ದರು. ಚೀಟಿಯಲ್ಲಿ ಹಮಾಲಿಗೆ ಒಂದು ಕಾಲಂ ಬೇಕಂತೆ.